ನುಗ್ಗೆ ಬೀಜ ಹಾಕಿದರೂ ನೀರು ತಿಳಿಯಾಗದಿದ್ದರೆ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಮುಂಗಾರಿನಲ್ಲಿ ಹೊಳೆಗೆ ಬರುವ ಹೊಸ ನೀರನ್ನು ಮಲೆನಾಡಿನ ಕಡೆ ಕೆನ್ನೀರು ಎನ್ನುತ್ತಾರೆ, ಬಯಲುಸೀಮೆಯಲ್ಲಿ ಬಗ್ಗಡ ಎನ್ನುತ್ತಾರೆ, ಕೃಷ್ಣೆ ಮತ್ತು ಭೀಮೆಯ ದಂಡೆಯ ಊರುಗಳಲ್ಲಿ ರಾಡಿ ನೀರು ಎನ್ನುತ್ತಾರೆ. ಹೆಸರು ಯಾವುದಾದರೂ ಆ ನೀರಿನ ಸ್ವಭಾವ ಒಂದೇ: ಕೊಡದಲ್ಲಿ ತುಂಬಿ ರಾತ್ರಿಯಿಡೀ ಅಲುಗಿಸದೆ ಇಟ್ಟರೂ ಬೆಳಿಗ್ಗೆ ಅದರ ಬಣ್ಣ ಹೆಚ್ಚು ಬದಲಾಗಿರುವುದಿಲ್ಲ. ಅದರಲ್ಲಿರುವ ಜೇಡಿಯ ಕಣಗಳು ತೀರಾ ನವಿರಾಗಿದ್ದು, ಎಲ್ಲವುಗಳ ಮೇಲೂ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂಡುತ್ತ ತೇಲುತ್ತಲೇ ಇರುತ್ತವೆ. ನುಗ್ಗೆ ಬೀಜದ ತಿರುಳಿನಲ್ಲಿ ನೀರಿನಲ್ಲಿ ಕರಗುವ, ಧನ ವಿದ್ಯುದಂಶವುಳ್ಳ ಪ್ರೋಟೀನುಗಳಿವೆ. ಇವು ಕಣಗಳಿಗೆ ಅಂಟಿ, ಅವುಗಳ ನಡುವಿನ ದೂಡಾಟವನ್ನು ಕಳೆದು, ಒಡೆದ ಹಾಲಿನಲ್ಲಿ ಗರಣೆ ಕಟ್ಟುವಂತೆ ಮಣ್ಣನ್ನು ಗರಣೆಗಟ್ಟಿಸಿ ತಳಕ್ಕೆ ಇಳಿಸುತ್ತವೆ.

ಇದು ಹೊಸ ವಿದ್ಯೆಯಲ್ಲ. ಸುಡಾನಿನ ಹಳ್ಳಿಯ ಹೆಂಗಸರು ನೈಲ್ ನದಿಯ ಪ್ರವಾಹದ ನೀರನ್ನು ನುಗ್ಗೆ ಬೀಜದಿಂದ ತಿಳಿಗೊಳಿಸುತ್ತಿದ್ದುದನ್ನು ಕಂಡು, ಸಾಮಿಯಾ ಅಲ್ ಅಝಾರಿಯಾ ಯಾನ್ ಎಂಬ ವಿಜ್ಞಾನಿ 1970 ಮತ್ತು 80ರ ದಶಕಗಳಲ್ಲಿ ಅದನ್ನು ಕ್ರಮವಾಗಿ ಅಧ್ಯಯನ ಮಾಡಿದರು. ನಮ್ಮಲ್ಲಿ ಇದೇ ಕೆಲಸಕ್ಕೆ ಚಿಲ್ಲದ ಬೀಜವಿತ್ತು. ಸಂಸ್ಕೃತದಲ್ಲಿ ಕತಕ ಎಂದು ಕರೆಯುವ ಈ ಬೀಜವನ್ನು ನೀರು ತಿಳಿಗೊಳಿಸುವ ವಸ್ತುಗಳ ಪಟ್ಟಿಯಲ್ಲಿ ಸುಶ್ರುತ ಸಂಹಿತೆಯೇ ಹೇಳಿದೆ.

ಮನೆಯಲ್ಲಿ ಮಾಡಿ ನೋಡಿದವರಲ್ಲಿ ಅನೇಕರು "ನುಗ್ಗೆ ಬೀಜ ಕೆಲಸ ಮಾಡುವುದಿಲ್ಲ" ಎಂದು ಕೈಬಿಡುತ್ತಾರೆ. ನಾನು ಹತ್ತಿರದಿಂದ ನೋಡಿದ ಮಟ್ಟಿಗೆ ದೋಷ ಬಹುಪಾಲು ಬೀಜದ ಆಯ್ಕೆಯಲ್ಲಿ, ಪ್ರಮಾಣದಲ್ಲಿ ಅಥವಾ ಕದಡುವ ರೀತಿಯಲ್ಲಿ ಇರುತ್ತದೆ, ಮತ್ತು ಖರ್ಚಿಲ್ಲದೆ ಸರಿಹೋಗುತ್ತದೆ. ಇದಕ್ಕಿಂತ ನನಗೆ ಹೆಚ್ಚು ಕಳವಳ ಹುಟ್ಟಿಸುವವರು ನೀರು ತಿಳಿಯಾದ ಕೂಡಲೇ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವವರು. ನುಗ್ಗೆ ಬೀಜ ತೆಗೆಯುವುದು ಮಣ್ಣನ್ನು. ಮಣ್ಣಿನ ಜೊತೆ ರೋಗಾಣುಗಳಲ್ಲಿ ದೊಡ್ಡ ಪಾಲು ತಳ ಸೇರುವುದು ನಿಜವಾದರೂ ಉಳಿದವುಗಳನ್ನು ಕೊಲ್ಲಲು ಕುದಿಸಲೇಬೇಕು, ಇಲ್ಲವೇ ಕ್ಲೋರಿನ್ ಹಾಕಲೇಬೇಕು.

ಮೊದಲು ಸರಿಯಾದ ಕ್ರಮ

ದೋಷ ಹುಡುಕುವ ಮೊದಲು ನೀವು ಮಾಡಿದ್ದನ್ನು ಈ ಕ್ರಮದೊಂದಿಗೆ ಹೋಲಿಸಿ ನೋಡಿ. ಮರದಲ್ಲಿಯೇ ಬಲಿತು ಒಣಗಿದ ನುಗ್ಗೆಕಾಯಿಯ ಬೀಜವನ್ನು ತೆಗೆದು, ರೆಕ್ಕೆ ಮತ್ತು ಸಿಪ್ಪೆ ಬಿಡಿಸಿ, ಬಿಳಿಯ ತಿರುಳನ್ನು ಮಾತ್ರ ಇಟ್ಟುಕೊಳ್ಳಬೇಕು. ಸುಮಾರು ಹತ್ತು ತಿರುಳು ಸೇರಿದರೆ 2 ಗ್ರಾಂ ಆಗುತ್ತದೆ. ಅದನ್ನು ಕಲ್ಬತ್ತಿನಲ್ಲಿ ಹಿಟ್ಟಾಗುವಷ್ಟು ಕುಟ್ಟಿ, ಮೊದಲು ಎರಡು ಚಮಚ ಶುದ್ಧ ನೀರಿನಲ್ಲಿ ಕಲಸಿ, ಬಳಿಕ ಒಟ್ಟು 200 ಮಿಲಿ ನೀರು ಸೇರಿಸಿ, ಮುಚ್ಚಳವಿರುವ ಬಾಟಲಿಯಲ್ಲಿ ಐದು ನಿಮಿಷ ಚೆನ್ನಾಗಿ ಕುಲುಕಿ, ಹತ್ತಿ ಬಟ್ಟೆಯಲ್ಲಿ ಸೋಸಿದರೆ ತೆಳುವಾದ ಹಾಲಿನಂತಹ ದ್ರವ ಸಿಗುತ್ತದೆ. ಇದನ್ನು ಮುಂದೆ ಬೀಜದ ಹಾಲು ಎಂದೇ ಕರೆಯುತ್ತೇನೆ. ಇದರ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ ಬೀಜದ ಸಾರವಿದೆ ಎಂದು ಲೆಕ್ಕ ಇಟ್ಟುಕೊಳ್ಳಿ.

ಸಾಮಾನ್ಯ ರಾಡಿ ನೀರಿಗೆ ಲೀಟರಿಗೆ 100 ಮಿಲಿಗ್ರಾಂ ಎಂದು ಶುರು ಮಾಡಿದರೆ 15 ಲೀಟರಿನ ಕೊಡಕ್ಕೆ 150 ಮಿಲಿ ಹಾಲು ಬೇಕು. ಹಾಲನ್ನು ಸುರಿದ ಮೇಲೆ ಒಂದು ನಿಮಿಷ ಬಿರುಸಾಗಿ ತಿರುವಬೇಕು. ಆಮೇಲೆ ಐದರಿಂದ ಹತ್ತು ನಿಮಿಷ, ನಿಮಿಷಕ್ಕೆ ಹದಿನೈದು ಇಪ್ಪತ್ತು ಸುತ್ತು ಬರುವಷ್ಟು ನಿಧಾನವಾಗಿ ತಿರುವಬೇಕು. ಮುಚ್ಚಿ ಒಂದೆರಡು ಗಂಟೆ ಅಲುಗಿಸದೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ನಂತರ ಕುದಿಸಬೇಕು. ಬಟ್ಟೆಗೆ ಹೊಸದಕ್ಕಿಂತ ಒಗೆದು ಒಗೆದು ಹಳೆಯದಾದ ಹತ್ತಿ ಸೀರೆಯೇ ಮೇಲು, ಏಕೆಂದರೆ ಒಗೆದಷ್ಟೂ ನೂಲು ಬಿಚ್ಚಿಕೊಂಡು ಬಟ್ಟೆಯ ಕಣ್ಣುಗಳು ಕಿರಿದಾಗುತ್ತವೆ.

ಲಕ್ಷಣ: ಗಂಟೆ ಕಳೆದರೂ ನೀರು ಹಾಗೆಯೇ ಇದೆ, ಗರಣೆಯೇ ಕಟ್ಟಿಲ್ಲ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ನಿಧಾನವಾಗಿ ತಿರುವಿ ಮುಗಿಸಿದ ಮೇಲೆ ಗಾಜಿನ ಲೋಟದಲ್ಲಿ ಸ್ವಲ್ಪ ನೀರು ತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಚಿರೋಟಿ ರವೆಯಷ್ಟು ಸಣ್ಣ ಹರಳುಗಳಂತೆ ಏನಾದರೂ ತೇಲುತ್ತಿದ್ದು, ಅವುಗಳ ನಡುವಿನ ನೀರು ಸ್ವಲ್ಪ ತಿಳಿಯಾಗಿ ಕಂಡರೆ ಬೀಜ ಕೆಲಸ ಆರಂಭಿಸಿದೆ ಎಂದು ಅರ್ಥ. ಆಗ ಮುಂದಿನ ಲಕ್ಷಣಕ್ಕೆ ಹೋಗಿ. ಎಲ್ಲವೂ ಒಂದೇ ಸಮನಾದ ಮಣ್ಣಿನ ಬಣ್ಣವಾಗಿದ್ದರೆ ಇಲ್ಲಿಂದ ಹುಡುಕಬೇಕು.

ಮೊದಲು ಬೀಜ. ಒಂದು ತಿರುಳನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಬೆಳ್ಳಗೆ ಅಥವಾ ಕೆನೆಬಣ್ಣಕ್ಕಿದ್ದು, ಉಗುರಿಗೆ ಸ್ವಲ್ಪ ಎಣ್ಣೆ ಹತ್ತಿದರೆ ಒಳ್ಳೆಯದು. ಕಂದಾಗಿದ್ದರೆ, ಸುಕ್ಕುಗಟ್ಟಿದ್ದರೆ, ಹಳೆಯ ಕೊಬ್ಬರಿಯ ಕಮಟು ವಾಸನೆ ಬಂದರೆ ಆ ಬೀಜವನ್ನು ಬದಿಗಿಡಿ. ಹುಳಿಗೆ ಹಾಕುವ ಎಳೆಯ ಹಸಿರು ಕಾಯಿಯ ಬೀಜದಲ್ಲಿ ಈ ಶಕ್ತಿ ಇನ್ನೂ ಬಂದಿರುವುದಿಲ್ಲ, ಅದನ್ನು ಒಣಗಿಸಿದರೂ ಪ್ರಯೋಜನವಿಲ್ಲ. ಅಂಗಡಿಯಿಂದ "ನುಗ್ಗೆ ಪುಡಿ" ತಂದಿದ್ದರೆ ಪೊಟ್ಟಣವನ್ನು ಓದಿ: ಮಾರಾಟಕ್ಕಿರುವುದು ಬಹುತೇಕ ಸೊಪ್ಪಿನ ಪುಡಿ, ಅದರಿಂದ ನೀರು ಹಸಿರಾಗುತ್ತದೆಯೇ ಹೊರತು ತಿಳಿಯಾಗುವುದಿಲ್ಲ. ಬೀಜವನ್ನೇ ತಂದರೂ ಕುಟ್ಟಿಟ್ಟ ಪುಡಿ ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದ ಬೀಜವನ್ನು ಸಿಪ್ಪೆಯೊಂದಿಗೇ ಒಣ ಡಬ್ಬಿಯಲ್ಲಿಟ್ಟು, ಅಂದಂದಿನದನ್ನು ಅಂದೇ ಕುಟ್ಟಿಕೊಳ್ಳುವುದು ಸರಿ. ಎಣ್ಣೆ ತೆಗೆದ ನುಗ್ಗೆ ಬೀಜದ ಹಿಂಡಿ ಸಿಕ್ಕರೆ ಸಂತೋಷದಿಂದ ಬಳಸಬಹುದು, ಏಕೆಂದರೆ ಬೇಕಾದ ಪ್ರೋಟೀನು ಎಣ್ಣೆಯಲ್ಲಿಲ್ಲ, ಹಿಂಡಿಯಲ್ಲಿಯೇ ಉಳಿದಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಲವಾಗಿ ಹೇಳಬೇಕು. ಬಿತ್ತನೆಗೆಂದು ಮಾರುವ ಬೀಜಕ್ಕೆ, ಅದು ಪಿಕೆಎಂ-1 ಆಗಿರಲಿ, ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಭಾಗ್ಯ ತಳಿಯಾಗಿರಲಿ, ಶಿಲೀಂಧ್ರನಾಶಕ ಸವರಿರುವ ಸಾಧ್ಯತೆ ಇದೆ. ಒಮ್ಮೆ ಪರಿಚಿತರೊಬ್ಬರು ಬೀಜದಂಗಡಿಯಿಂದ ತಂದ ಪೊಟ್ಟಣವನ್ನು ಬಿಚ್ಚಿದಾಗ ಬೀಜದ ರೆಕ್ಕೆಗಳೆಲ್ಲ ಗುಲಾಬಿ ಬಣ್ಣಕ್ಕಿದ್ದವು, ಮುಟ್ಟಿದ ಬೆರಳಿಗೂ ಬಣ್ಣ ಹತ್ತಿತು. ಅಂತಹ ಬೀಜವನ್ನು ತೊಳೆದೋ ಸಿಪ್ಪೆ ತೆಗೆದೋ ಬಳಸುವ ಯೋಚನೆ ಬೇಡ. ಕುಡಿಯುವ ನೀರಿಗೆ ಹಿತ್ತಲಿನ ಮರದ ಬೀಜ, ಇಲ್ಲವೇ ಔಷಧಿ ಸವರಿಲ್ಲವೆಂದು ಖಚಿತವಾಗಿ ಗೊತ್ತಿರುವ ರೈತರ ಮನೆಯ ಬೀಜ ಮಾತ್ರ.

ಬೀಜ ಸರಿಯಿದ್ದರೆ ಹಾಲನ್ನು ನೋಡಿ. ನಿನ್ನೆ ಮಾಡಿಟ್ಟ ಹಾಲಿನ ಶಕ್ತಿ ಇಂದಿಗೆ ಇಳಿದಿರುತ್ತದೆ, ಸೆಖೆಗಾಲದಲ್ಲಿ ಅದು ಹುಳಿಯುವುದೂ ಉಂಟು. ಹೊಸದಾಗಿ ಮಾಡಿ ಮತ್ತೆ ನೋಡಿ. ಬೀಜವನ್ನು ದಪ್ಪ ತರಿಯಾಗಿ ಕುಟ್ಟಿದ್ದರೂ, ಕುಲುಕದೆ ಸುಮ್ಮನೆ ನೆನೆಸಿದ್ದರೂ ಸಾರ ನೀರಿಗೆ ಬಿಟ್ಟಿರುವುದಿಲ್ಲ. ಸೋಸಿದ ಮೇಲೆ ಹಾಲು ಬಿಳುಪಾಗಿರದೆ ಬರೀ ನೀರಿನಂತಿದ್ದರೆ ಅದೇ ಕಾರಣ.

ಮೂರನೆಯದು ಕದಡುವುದು. ಮೊದಲ ಒಂದು ನಿಮಿಷದ ಬಿರುಸು ಹಾಲನ್ನು ಕೊಡದ ತುಂಬ ಹರಡುವುದಕ್ಕೆ. ನಂತರದ ನಿಧಾನದ ತಿರುವು ಕಣಗಳನ್ನು ಒಂದಕ್ಕೊಂದು ಭೇಟಿ ಮಾಡಿಸುವುದಕ್ಕೆ. ಬೇಸರಪಟ್ಟು ಎರಡನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ಉದ್ದ ಹಿಡಿಕೆಯ ಶುಚಿಯಾದ ಹುಟ್ಟನ್ನು ತಳ ಮುಟ್ಟುವಂತೆ ಇಳಿಸಿ ತಿರುವಿದರೆ ಕೈಗೂ ಆಯಾಸವಾಗುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಗರಣೆ ಕಟ್ಟದಿದ್ದರೆ ಉಳಿದದ್ದು ಪ್ರಮಾಣ. ಇದನ್ನು ಊಹೆಯಿಂದ ತೀರ್ಮಾನಿಸಲಾಗದು, ಪರೀಕ್ಷೆ ಮಾಡಲೇಬೇಕು. ಜಲಶುದ್ಧೀಕರಣ ಘಟಕಗಳಲ್ಲಿ ಜಾರ್ ಪರೀಕ್ಷೆ ಎಂದು ಮಾಡುವುದನ್ನೇ ಮನೆಯಲ್ಲಿ ಹೀಗೆ ಮಾಡಬಹುದು. ಒಂದೇ ಅಳತೆಯ ಒಂದು ಲೀಟರಿನ ಐದು ಪಾರದರ್ಶಕ ಬಾಟಲಿಗಳನ್ನು ತೊಳೆದು, ಒಂದೇ ಕೊಡದಿಂದ ಅದೇ ನೀರನ್ನು ತುಂಬಿ, ಸೂಜಿಯಿಲ್ಲದ ಸಿರಿಂಜಿನಿಂದಲೋ ಮಕ್ಕಳ ಔಷಧಿಯ ಅಳತೆಯ ಮುಚ್ಚಳದಿಂದಲೋ 3, 6, 10, 15, 20 ಮಿಲಿ ಹಾಲನ್ನು ಕ್ರಮವಾಗಿ ಹಾಕಿ. ಅಂದರೆ ಲೀಟರಿಗೆ 30ರಿಂದ 200 ಮಿಲಿಗ್ರಾಂವರೆಗೆ. ಪ್ರತಿ ಬಾಟಲಿಯನ್ನು ಒಂದು ನಿಮಿಷ ಬಿರುಸಾಗಿ ಕುಲುಕಿ, ಐದು ನಿಮಿಷ ಮಲಗಿಸಿ ಏಳಿಸಿ ನಿಧಾನವಾಗಿ ಹೊರಳಿಸಿ, ಸಾಲಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಹಿಂದೆ ಅಕ್ಷರವಿರುವ ಒಂದು ಕಾಗದ ನಿಲ್ಲಿಸಿ. ಗಂಟೆಯ ನಂತರ ಯಾವ ಬಾಟಲಿಯ ಮೂಲಕ ಅಕ್ಷರ ಚೆನ್ನಾಗಿ ಕಾಣುತ್ತದೋ ಅದೇ ನಿಮ್ಮ ಪ್ರಮಾಣ. ಎರಡು ಬಾಟಲಿಗಳು ಒಂದೇ ರೀತಿ ಕಂಡರೆ ಕಡಿಮೆ ಹಾಲಿನದನ್ನು ಆರಿಸಿಕೊಳ್ಳಿ. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲ ಸಲ ಈ ಐದು ಬಾಟಲಿಗಳನ್ನು ಸಾಲಾಗಿಟ್ಟು ಕುಳಿತಾಗ, ಇಪ್ಪತ್ತು ನಿಮಿಷಕ್ಕೆಲ್ಲ ಮೂರನೆಯ ಬಾಟಲಿಯ ಕುತ್ತಿಗೆಯ ಕೆಳಗೆ ಬೆರಳಗಲದ ತಿಳಿಯ ಪಟ್ಟಿ ಮೂಡಿ, ಅದು ಕಣ್ಣೆದುರೇ ಕೆಳಕೆಳಗೆ ಅಗಲವಾಗುತ್ತ ಹೋದದ್ದು ನನಗೆ ಇಂದಿಗೂ ನೆನಪಿದೆ. ಮೊದಲನೆಯ ಬಾಟಲಿ ಸಂಜೆಯವರೆಗೂ ಕಂದಾಗಿಯೇ ಇತ್ತು.

ಈ ಪರೀಕ್ಷೆಯನ್ನು ಒಮ್ಮೆ ಮಾಡಿ ಮುಗಿಸಿದರೆ ಸಾಲದು. ಮಳೆ ಬಂದ ಮರುದಿನದ ನೀರು ಮತ್ತು ವಾರದ ನಂತರದ ನೀರು ಬೇರೆ ಬೇರೆ. ಎರೆ ನೆಲದ ಹಳ್ಳದ ನೀರಿನಲ್ಲಿ ಜೇಡಿ ಅತಿ ನವಿರಾಗಿರುವುದರಿಂದ ಹೆಚ್ಚು ಹಾಲು ಬೇಡುವುದು ಸಹಜ. ನೆರೆಯ ನೀರು ಗಂಜಿಯಷ್ಟು ದಪ್ಪಗಿದ್ದರೆ ನೇರವಾಗಿ ಬೀಜ ಹಾಕಬೇಡಿ. ಒಂದು ರಾತ್ರಿ ಹಾಗೆಯೇ ಇಟ್ಟು, ತಾನಾಗಿ ಇಳಿಯುವ ಮರಳು ಮತ್ತು ದಪ್ಪ ಮಣ್ಣನ್ನು ಬಿಟ್ಟು, ಮೇಲಿನದನ್ನು ಬೇರೆ ಕೊಡಕ್ಕೆ ಬಸಿದುಕೊಂಡು ಆಮೇಲೆ ಹಾಕಿ. 20 ಮಿಲಿಯ ಬಾಟಲಿಯೂ ಕದಡಿಕೊಂಡೇ ಉಳಿದರೆ ಬೀಜವನ್ನು ಸುರಿಯುತ್ತ ಹೋಗುವುದನ್ನು ನಿಲ್ಲಿಸಿ, ಬೇರೆ ಮೂಲದ ನೀರು ನೋಡುವುದೇ ಸರಿ.

ಲಕ್ಷಣ: ಗರಣೆ ಕಟ್ಟಿದೆ, ಆದರೆ ತಳಕ್ಕೆ ಇಳಿಯುತ್ತಿಲ್ಲ

ಮೊದಲು ಕೊಡ ಎಲ್ಲಿದೆ ನೋಡಿ. ಒಲೆಯ ಪಕ್ಕದಲ್ಲಿ ಅಥವಾ ಬಿಸಿಲು ಬೀಳುವ ಜಗಲಿಯಲ್ಲಿ ಇಟ್ಟಿದ್ದರೆ ಒಂದು ಬದಿ ಕಾದು ನೀರು ಒಳಗೊಳಗೇ ಸುತ್ತುತ್ತಿರುತ್ತದೆ, ಹಗುರವಾದ ಗರಣೆ ಅದರ ಜೊತೆ ಮೇಲೇಳುತ್ತಲೇ ಇರುತ್ತದೆ. ತಂಪಾದ, ಓಡಾಟವಿಲ್ಲದ ಮೂಲೆಗೆ ಸರಿಸಿ. ಎರಡನೆಯ ಕಾರಣ ಬಿರುಸಿನ ತಿರುವು ಹೆಚ್ಚಾದದ್ದು: ಕಟ್ಟಿದ ಗರಣೆ ಒಮ್ಮೆ ಚೂರಾದರೆ ಮತ್ತೆ ಅಷ್ಟು ಗಟ್ಟಿಯಾಗಿ ಕಟ್ಟುವುದಿಲ್ಲ. ಚಳಿಗಾಲದ ಬೆಳಗಿನ ತಣ್ಣೀರಿನಲ್ಲಿ ಎಲ್ಲವೂ ನಿಧಾನ, ಎರಡು ಗಂಟೆಯ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಬಹುದು. ಆಗಲೂ ಇಳಿಯದೆ ತೇಲುವ ಗರಣೆಯನ್ನು ನಾಲ್ಕು ಮಡಿಕೆಯ ಬಟ್ಟೆ ಅಥವಾ ತೊಳೆದ ಮರಳಿನ ಸೋಸುಗ ಹಿಡಿದುಕೊಳ್ಳುತ್ತದೆ. 1990ರ ದಶಕದ ಆರಂಭದಲ್ಲಿ ಆಫ್ರಿಕದ ಮಲಾವಿಯ ತ್ಯೋಲೊ ಎಂಬಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು ಶುದ್ಧೀಕರಣ ಘಟಕದಲ್ಲಿಯೇ ನುಗ್ಗೆ ಬೀಜ ಬಳಸಿದಾಗಲೂ ನೀರನ್ನು ಕಡೆಗೆ ಮರಳಿನ ಮೂಲಕ ಹಾಯಿಸಿದ್ದರು.

ಲಕ್ಷಣ: ಮಣ್ಣಿನ ಬಣ್ಣ ಹೋಗಿದೆ, ಹಾಲಿನಂತಹ ಮಸುಕು ಉಳಿದಿದೆ

ಬೀಜ ಹೆಚ್ಚಾಯಿತು ಎಂಬುದರ ಗುರುತು ಇದು. ಋಣ ಕಣಗಳಿಗೆ ಧನ ಪ್ರೋಟೀನು ಬೇಕಾದಷ್ಟು ಅಂಟಿದರೆ ಅವು ಒಂದಾಗುತ್ತವೆ. ಅಗತ್ಯ ಮೀರಿ ಅಂಟಿದರೆ ಎಲ್ಲ ಕಣಗಳೂ ಈಗ ಧನವಾಗಿ, ಮತ್ತೆ ಒಂದನ್ನೊಂದು ದೂಡಲು ಆರಂಭಿಸುತ್ತವೆ. ತಿಳಿಯಾಗಲಿಲ್ಲವೆಂದು ಇನ್ನಷ್ಟು ಹಾಲು ಸುರಿದರೆ ಮಸುಕು ಹೆಚ್ಚುತ್ತದೆ. ಸ್ವಲ್ಪ ನೀರನ್ನು ಬಾಟಲಿಯಲ್ಲಿ ಕುಲುಕಿ ನೋಡಿ: ನೊರೆ ಹೆಚ್ಚು ಹೊತ್ತು ನಿಂತರೆ, ಹಸಿ ಬೀಜದ ವಾಸನೆ ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಅಷ್ಟೇ ಪ್ರಮಾಣದ ಹೊಸ ಕದಡು ನೀರನ್ನು ಸೇರಿಸಿ ನಿಧಾನವಾಗಿ ಮತ್ತೊಮ್ಮೆ ತಿರುವಿ ಬಿಟ್ಟರೆ ಸಾಮಾನ್ಯವಾಗಿ ಗರಣೆ ಕಟ್ಟಿಕೊಳ್ಳುತ್ತದೆ. ಮೇಲೆ ಎಣ್ಣೆಯ ತೆಳು ಪದರ ಅಥವಾ ಬಿಳಿಯ ಪುಡಿ ಮಾತ್ರ ಕಂಡರೆ ಅದು ಹಾಲನ್ನು ಸರಿಯಾಗಿ ಸೋಸದ ದೋಷ.

ನೀರು ಮೊದಲೇ ಬಹುಮಟ್ಟಿಗೆ ತಿಳಿಯಾಗಿದ್ದರೂ ಇದೇ ಮಸುಕು ಬರುತ್ತದೆ. ಕಣಗಳು ವಿರಳವಾಗಿದ್ದರೆ ಒಂದಕ್ಕೊಂದು ಸಿಗುವುದೇ ಕಷ್ಟ, ಹಾಕಿದ ಬೀಜವೇ ನೀರನ್ನು ಕೆಡಿಸುತ್ತದೆ. ಲೋಟದಲ್ಲಿ ತುಸು ಮಬ್ಬು ಮಾತ್ರ ಕಾಣುವ ನೀರಿಗೆ ಬೀಜ ಬೇಡವೇ ಬೇಡ; ಬಟ್ಟೆಯಲ್ಲಿ ಸೋಸಿ ಕುದಿಸಿದರೆ ಸಾಕು.

ಲಕ್ಷಣ: ಮಣ್ಣು ಇಳಿದರೂ ಬಣ್ಣ ಉಳಿದಿದೆ

ಮೇಲಿನ ನೀರು ಚಹಾದ ಬಣ್ಣಕ್ಕಿದ್ದು ಪಾರದರ್ಶಕವಾಗಿದ್ದರೆ ಅದು ಕೊಳೆತ ಎಲೆಯಿಂದ ಕರಗಿ ಬಂದ ಬಣ್ಣ. ಕಾಡಿನ ಝರಿಯ ನೀರಿನಲ್ಲಿ ಇದು ಸಾಮಾನ್ಯ, ಬೀಜದಿಂದ ಪೂರ್ತಿ ಹೋಗುವುದಿಲ್ಲ. ಕೊಳವೆಬಾವಿಯಿಂದ ಬರುವಾಗ ಸ್ವಚ್ಛವಾಗಿದ್ದು, ಗಾಳಿಗೆ ಬಿಟ್ಟ ಮೇಲೆ ತುಕ್ಕಿನ ಬಣ್ಣಕ್ಕೆ ತಿರುಗಿದರೆ ಅದು ಕಬ್ಬಿಣದ ಅಂಶ. ಅದಕ್ಕೆ ಗಾಳಿಯಾಡಿಸಿ ಸೋಸುವ ಬೇರೆಯದೇ ಕ್ರಮವಿದೆ.

ಹಸಿರು ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರದಿಂದಿರಬೇಕು. ಬೇಸಿಗೆಯ ಕೊನೆಯಲ್ಲಿ ಕೆರೆ ಬತ್ತುತ್ತ ಬಂದಾಗ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟುವ ನೀಲಿಹಸಿರು ಪಾಚಿ ವಿಷ ಬಿಡುವಂಥದ್ದಾಗಿರಬಹುದು. ಕುದಿಸಿದರೆ ಪಾಚಿಯ ಕೋಶ ಒಡೆದು ಆ ವಿಷ ನೀರಿಗೇ ಸೇರುತ್ತದೆ, ಕುದಿತದಿಂದ ಅದು ನಾಶವಾಗುವುದೂ ಇಲ್ಲ. ಕೆನೆಗಟ್ಟಿದ ಕೆರೆಯ ನೀರನ್ನು ದನಕರುಗಳಿಗೂ ಕುಡಿಸಬಾರದು. ಮೀನು ಸತ್ತು ತೇಲಿದ್ದರೆ, ಸೀಮೆಎಣ್ಣೆಯಂತಹ ವಾಸನೆ ಇದ್ದರೆ, ಹೊಲಕ್ಕೆ ಔಷಧಿ ಹೊಡೆದ ಬೆನ್ನಿಗೇ ಮಳೆ ಬಂದು ಆ ನೀರು ಹರಿದು ಬಂದಿದ್ದರೆ ಅಲ್ಲಿಗೆ ನಿಲ್ಲಿಸಿ. ಯಾವ ಬೀಜವೂ ಅದನ್ನು ಕುಡಿಯುವ ನೀರನ್ನಾಗಿ ಮಾಡಲಾರದು.

ಲಕ್ಷಣ: ಮೊದಲ ದಿನ ಚೆನ್ನಾಗಿತ್ತು, ಮರುದಿನ ವಾಸನೆ ಹಿಡಿದಿದೆ

ಈ ತಪ್ಪನ್ನು ನಾನೇ ಮಾಡಿದ್ದೇನೆ. ಹಬ್ಬಕ್ಕೆ ನೆಂಟರು ಬರುತ್ತಾರೆಂದು ಎರಡು ದಿನಕ್ಕಾಗುವಷ್ಟು ನೀರನ್ನು ಒಟ್ಟಿಗೇ ತಿಳಿಗೊಳಿಸಿ ಸ್ಟೀಲಿನ ಹಂಡೆಯಲ್ಲಿ ತುಂಬಿಟ್ಟಿದ್ದೆ. ಮರುದಿನ ಮಧ್ಯಾಹ್ನ ಮುಚ್ಚಳ ತೆಗೆದಾಗ ನೆನೆಹಾಕಿ ಮರೆತ ಕಾಳಿನ ವಾಸನೆ ಬಂತು, ಹಂಡೆಯ ಒಳಮೈ ಕೈಗೆ ಲೋಳೆಯಾಗಿ ಹತ್ತಿತು. ಬೀಜದ ಸಾರದಲ್ಲಿ ಮಣ್ಣಿಗೆ ಅಂಟುವ ಪ್ರೋಟೀನು ಒಂದು ಪಾಲು ಮಾತ್ರ. ಉಳಿದದ್ದು ನೀರಿನಲ್ಲಿಯೇ ಕರಗಿ ನಿಂತು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಜಾರ್ ಪರೀಕ್ಷೆಯಲ್ಲಿ ಕಡಿಮೆ ಹಾಲಿನ ಬಾಟಲಿಯನ್ನೇ ಆರಿಸಿ ಎಂದದ್ದು ಇದಕ್ಕಾಗಿ.

ಪರಿಹಾರದಲ್ಲಿ ಖರ್ಚಿನದು ಯಾವುದೂ ಇಲ್ಲ. ಅಂದಿನ ನೀರನ್ನು ಅಂದೇ ಮಾಡಿ, 24 ಗಂಟೆಯೊಳಗೆ ಮುಗಿಸಿ. ಗಸಿಯ ಮೇಲೆ ನೀರನ್ನು ರಾತ್ರಿಯಿಡೀ ನಿಲ್ಲಿಸದೆ, ತಿಳಿಯಾದ ಕೂಡಲೇ ಬೇರೆ ಪಾತ್ರೆಗೆ ಬಸಿದುಕೊಳ್ಳಿ. ಕುದಿಸಿಟ್ಟರೆ ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತದೆಯಾದರೂ ಕರಗಿದ ಆಹಾರ ಅಲ್ಲಿಯೇ ಇರುವುದರಿಂದ, ಕೈ ಅಥವಾ ಲೋಟ ಅದ್ದಿದರೆ ಮತ್ತೆ ಕೆಡುತ್ತದೆ. ನಲ್ಲಿಯಿರುವ ಪಾತ್ರೆಯೇ ಒಳ್ಳೆಯದು. ವಾಸನೆ ಹಿಡಿದ ನೀರನ್ನು ಮತ್ತೆ ಕುದಿಸಿ ಕುಡಿಯುವುದು ಬೇಡ, ಗಿಡಕ್ಕೆ ಹಾಕಿಬಿಡಿ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಈ ದೋಷಕ್ಕೆಂದೇ ಪ್ರೋಟೀನನ್ನು ಮರಳಿನ ಕಣಗಳಿಗೆ ಅಂಟಿಸಿ, ಉಳಿದ ಸಾರವನ್ನು ತೊಳೆದು, ಆ ಮರಳನ್ನೇ ಬಳಸುವ ದಾರಿ ಹುಡುಕಿದ್ದಾರೆ.

ಲಕ್ಷಣ: ನೀರು ಸ್ಫಟಿಕದಂತಿದೆ, ಮನೆಯವರ ಹೊಟ್ಟೆ ಕೆಟ್ಟಿದೆ

ಇಲ್ಲಿ ದೋಷ ಹುಡುಕುವುದು ಎರಡನೆಯ ಕೆಲಸ. ಮೊದಲು ಆ ನೀರನ್ನು ಎಲ್ಲರೂ ಕುಡಿಯುವುದನ್ನು ನಿಲ್ಲಿಸಿ, ಬೇರೆ ಮೂಲದ ಕುದಿಸಿ ಆರಿಸಿದ ನೀರಿನಲ್ಲಿ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಅಕ್ಕಿ ತೊಳೆದ ನೀರಿನಂತಹ ಭೇದಿ, ಭೇದಿಯಲ್ಲಿ ರಕ್ತ, ಕುಡಿದದ್ದೆಲ್ಲ ವಾಂತಿಯಾಗುವುದು, ಕಣ್ಣು ಗುಳಿಬೀಳುವುದು, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಎರಡು ಮೂರು ಮನೆಗಳಲ್ಲಿ ಒಟ್ಟಿಗೇ ಭೇದಿ ಕಾಣಿಸಿದರೆ ಆಶಾ ಕಾರ್ಯಕರ್ತೆಗೂ ಪಂಚಾಯಿತಿಗೂ ಅಂದೇ ತಿಳಿಸಬೇಕು.

ಕಾರಣ ಸರಳವಾದ ಲೆಕ್ಕದಲ್ಲಿದೆ. ನುಗ್ಗೆ ಬೀಜದಿಂದ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ 90ರಿಂದ 99ರಷ್ಟು ಗಸಿಯೊಂದಿಗೆ ಇಳಿಯುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಲೋಟವೊಂದರಲ್ಲಿ ಮೊದಲು ಒಂದು ಲಕ್ಷ ಇದ್ದವೆಂದರೆ ನೂರಕ್ಕೆ 99 ಹೋದ ಮೇಲೂ ಸಾವಿರ ಉಳಿಯುತ್ತವೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿಲಿಯಲ್ಲಿ ಮಲದ ಸೋಂಕನ್ನು ಸೂಚಿಸುವ ಇ. ಕೊಲಿ ಬ್ಯಾಕ್ಟೀರಿಯಾ ಒಂದೇ ಒಂದು ಕೂಡ ಇರಬಾರದು.

ಆದ್ದರಿಂದ ಕೊನೆಯ ಹಂತದಲ್ಲಿ ಎಲ್ಲಿ ಎಡವಿದಿರಿ ಎಂದು ನೋಡಿ. ನೀರು ಕೊತಕೊತ ಕುದಿಯಲು ತೊಡಗಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿದಿತ್ತೇ, ಇಲ್ಲವೇ ಬಿಸಿಯಾದ ಕೂಡಲೇ ಇಳಿಸಿದಿರೇ? ಕುದಿಸಿದ್ದನ್ನು ಮೊದಲು ಕದಡಿದ ನೀರಿದ್ದ ಕೊಡಕ್ಕೇ ತಿರುಗಿ ತುಂಬಿದಿರೇ? ಸೌದೆ, ಗ್ಯಾಸು ಉಳಿಸಲು ಬಿಸಿಲಿನ ದಾರಿ ಹಿಡಿದಿದ್ದರೆ, ನೀರು ತುಂಬಿದ ಪಾರದರ್ಶಕ ಪೆಟ್ ಪ್ಲಾಸ್ಟಿಕ್ ಬಾಟಲಿಯನ್ನು ಆರು ಗಂಟೆ ಪೂರ್ಣ ಬಿಸಿಲಿನಲ್ಲಿ, ಮೋಡವಿದ್ದರೆ ಎರಡು ದಿನ ಮಲಗಿಸಿಡಬೇಕು. ಮುಂಗಾರಿನ ತಿಂಗಳುಗಳಲ್ಲಿ ಈ ವಿಧಾನವನ್ನು ನಾನು ನಂಬುವುದಿಲ್ಲ. ಕ್ಲೋರಿನ್ ಮಾತ್ರೆ ಹಾಕಿದ್ದರೆ ಅರ್ಧ ಗಂಟೆಯ ನಂತರವೂ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನುಗ್ಗೆಯ ಕರಗಿದ ಸಾರ ಕ್ಲೋರಿನ್ನನ್ನೂ ತಿಂದುಹಾಕುತ್ತದೆ. ಹಾಗೆಂದು ಮಾತ್ರೆಯನ್ನು ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಹೆಚ್ಚಿಸುತ್ತ ಹೋಗಬೇಡಿ. ಬೀಜವನ್ನು ಕಡಿಮೆ ಮಾಡಿ, ಇಲ್ಲವೇ ಕುದಿಸಿ.

ಖಚಿತಪಡಿಸಿಕೊಳ್ಳಲು ಗ್ರಾಮ ಪಂಚಾಯಿತಿಯಲ್ಲಿ ಜಲ ಜೀವನ್ ಮಿಷನ್ನಿನ ಪರೀಕ್ಷಾ ಕಿಟ್ ಇದೆಯೇ ಎಂದು ಕೇಳಿ. ಅದರೊಂದಿಗೆ ಬರುವ ಎಚ್2ಎಸ್ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ನೀರಿಗೆ ಮಲದ ಸೋಂಕು ಇರುವ ಸಾಧ್ಯತೆ ಇದೆ ಎಂದು ತಿಳಿಯಬೇಕು. ತಳದ ಗಸಿಯಲ್ಲಿ ಅಷ್ಟೂ ರೋಗಾಣುಗಳು ಒಟ್ಟಾಗಿರುವುದರಿಂದ, ಅದನ್ನು ತೊಟ್ಟಿಯ ಬಳಿ, ಮಕ್ಕಳು ಆಡುವಲ್ಲಿ ಚೆಲ್ಲದೆ, ಬಾವಿಯಿಂದ ದೂರ ಗಿಡದ ಬುಡದಲ್ಲಿ ಗುಂಡಿ ತೆಗೆದು ಮುಚ್ಚಿ, ಕೈಯನ್ನು ಸೋಪಿನಿಂದ ತೊಳೆಯಿರಿ.

ಲಕ್ಷಣ: ತಿಳಿಯಾದರೂ ಉಪ್ಪು ರುಚಿ ಹೋಗಿಲ್ಲ, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ

ಉಪ್ಪು, ಗಡಸುತನ, ನೈಟ್ರೇಟ್, ಹಲ್ಲಿನ ಮೇಲೆ ಕಂದು ಗೆರೆ ಮೂಡಿಸುವ ಫ್ಲೋರೈಡ್ ಇವೆಲ್ಲ ಕರಗಿದ ವಸ್ತುಗಳು. ಮಣ್ಣಿನಂತೆ ಗರಣೆ ಕಟ್ಟಿ ಇಳಿಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ಕೊಪ್ಪಳದ ಅನೇಕ ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ, ಅಂತಹ ನೀರು ನೋಡಲು ಮೊದಲೇ ಸ್ವಚ್ಛವಾಗಿರುತ್ತದೆ. ಅದಕ್ಕೆ ಬೀಜ ಹಾಕಿ ಫಲವಿಲ್ಲ, ಕುದಿಸಿದರೆ ನೀರು ಆವಿಯಾದಷ್ಟೂ ಫ್ಲೋರೈಡ್ ಸಾಂದ್ರವಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನೀರಿನ ಮಾದರಿಯನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ವರದಿ ಪಡೆಯುವುದೊಂದೇ ದಾರಿ.

ಚಿಲ್ಲದ ಬೀಜ ಬಳಸುವವರಿಗೆ

ಚಿಲ್ಲದ ಬೀಜವನ್ನು ಸಾಣೆಕಲ್ಲಿನ ಮೇಲೆ ನೀರು ಹಾಕಿ ತೇಯ್ದು, ಆ ಗಂಧವನ್ನು ಕೊಡಕ್ಕೆ ಕದಡುವುದು ಅಥವಾ ಮಣ್ಣಿನ ಹರವಿಯ ಒಳಮೈಗೆ ಬೀಜವನ್ನೇ ಉಜ್ಜುವುದು ಹಳೆಯ ರೂಢಿ. ನೀರು ತಿಳಿಯಾಗದಿದ್ದರೆ ಹುಡುಕುವ ಕ್ರಮ ನುಗ್ಗೆಯದೇ: ಬೀಜದ ವಯಸ್ಸು, ತೇಯ್ದ ಪ್ರಮಾಣ, ನಿಧಾನದ ತಿರುವು.

ಆದರೆ ಇದರ ದೊಡ್ಡ ಅಪಾಯ ಬೇರೆ ಇದೆ. ಕಾಸರಕ ಇದೇ ಕುಲದ ಮರ, ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಪ್ರಾಣಾಂತಿಕ ವಿಷವಿದೆ. ಚಿಲ್ಲದ ಹಣ್ಣು ಸಣ್ಣದು, ಮಾಗಿದಾಗ ಕಪ್ಪು, ಒಳಗೆ ಸಾಮಾನ್ಯವಾಗಿ ಒಂದೇ ಬೀಜ, ಅದು ಸುಮಾರು ಒಂದು ಸೆಂಟಿಮೀಟರ್ ಅಗಲವಿದ್ದು ಎರಡೂ ಬದಿ ಉಬ್ಬಿರುತ್ತದೆ. ಕಾಸರಕದ ಹಣ್ಣು ದೊಡ್ಡದು, ಕಿತ್ತಳೆ ಬಣ್ಣದ್ದು, ಒಳಗೆ ಹಲವು ಬೀಜ; ಬೀಜ ಕೋಟಿನ ಗುಂಡಿಯಂತೆ ಚಪ್ಪಟೆ, ಸುಮಾರು ಎರಡು ಸೆಂಟಿಮೀಟರ್ ಅಗಲ, ಬೂದು ಬಣ್ಣ, ರೇಷ್ಮೆಯಂತಹ ರೋಮ. ತೇಯ್ದ ನೀರು ಕುಡಿದವರಿಗೆ ದವಡೆ ಬಿಗಿದರೆ, ಮೈ ಸೆಟೆದರೆ, ಸಣ್ಣ ಸದ್ದಿಗೂ ಬೆಚ್ಚಿ ಸೆಳೆತ ಬಂದರೆ ವಾಂತಿ ಮಾಡಿಸಲು ಹೋಗದೆ, ಉಳಿದ ಬೀಜವನ್ನೂ ಕೈಯಲ್ಲಿ ಹಿಡಿದುಕೊಂಡು ತಕ್ಷಣ ಆಸ್ಪತ್ರೆ ಸೇರಿಸಬೇಕು. ಗ್ರಂಥಿಗೆ ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಬೀಜಗಳನ್ನು ಒಂದೊಂದಾಗಿ ಹರಡಿ ನೋಡಿ, ಮರವನ್ನು ಚೆನ್ನಾಗಿ ಬಲ್ಲವರಿಗೂ ತೋರಿಸಿ. ಗುರುತು ಖಚಿತವಿಲ್ಲದ ಬೀಜವನ್ನು ಸಾಣೆಕಲ್ಲಿಗೆ ತಾಗಿಸಲೇಬೇಡಿ. ನಾಳೆ ಅದೇ ಕಲ್ಲಿನ ಮೇಲೆ ಕೂಸಿಗೆ ಬಜೆ ತೇಯುತ್ತೀರಿ.